ಬ್ಯಾಗ್ ಆಮೇಲೆ, ಮೊದಲು ಸ್ಟೇ ನೋಡಿ

ಈ ಸಲದ ಪತ್ರಗಳೆಲ್ಲ ದೂರ ಪ್ರಯಾಣದ ಬೈಕಿಗೆ ಹಾಕುವ ಸೈಡ್ ಬ್ಯಾಗ್, ಪೆಟ್ಟಿಗೆಗಳ ಬಗ್ಗೆಯೇ. ಅವನ್ನು ಹಿಡಿದಿಡಲು ಗಾಡಿಯ ಎರಡೂ ಬದಿಗೆ ಬೋಲ್ಟ್ ಮಾಡುವ ಪೈಪಿನ ಚೌಕಟ್ಟೇ ಸ್ಟೇ.

ಪ್ರಶ್ನೆ: ನನ್ನ ಹತ್ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಅದ. ಮನೆಯವರನ್ನ ಹಿಂದ ಕೂಡಿಸ್ಕೊಂಡು ಹೊಸಪೇಟೆ, ಚಿತ್ರದುರ್ಗ, ಅಲ್ಲಿಂದ ಮಲೆನಾಡು ಅಂತ ಹತ್ತು ದಿನ ಸುತ್ತಬೇಕಂತ ಮಾಡೀನಿ. ಅಲ್ಯೂಮಿನಿಯಂ ಪೆಟ್ಟಿಗಿ ಹಾಕಸ್ಲೋ, ಬಟ್ಟಿ ಬ್ಯಾಗ್ ಸಾಕೋ?
— ಓದುಗರು, ಕಲಬುರಗಿ

ಉತ್ತರ: ಎಷ್ಟು ಲೀಟರಿನ ಪೆಟ್ಟಿಗೆ ಅನ್ನುವುದಕ್ಕಿಂತ ಮೊದಲು ತೂಕದ ಲೆಕ್ಕ ಹಾಕಿ. ಗಾಡಿಯ ಕೈಪಿಡಿಯಲ್ಲಿ ಗಾಡಿಯ ಸ್ವಂತ ತೂಕ, ಗರಿಷ್ಠ ಒಟ್ಟು ತೂಕ ಎಂದು ಎರಡು ಅಂಕಿ ಇರುತ್ತವೆ. ಒಂದರಲ್ಲಿ ಇನ್ನೊಂದು ಕಳೆದರೆ ಉಳಿಯುವುದೇ ನೀವು ಹೇರಬಹುದಾದ ಭಾರ. ಅದು 170 ಕೆಜಿ ಬಂತು ಎಂದಿಟ್ಟುಕೊಳ್ಳಿ. ನೀವು 75, ಮನೆಯವರು 60, ಇಬ್ಬರ ಹೆಲ್ಮೆಟ್, ಜಾಕೆಟ್, ಶೂ ಸೇರಿ 10. ಉಳಿದದ್ದು 25 ಕೆಜಿ. ಅಲ್ಯೂಮಿನಿಯಂ ಪೆಟ್ಟಿಗೆಯ ಜೋಡಿ ಖಾಲಿಯಿದ್ದಾಗಲೇ ಸುಮಾರು 10 ಕೆಜಿ, ಅದರ ಸ್ಟೇ 5 ಕೆಜಿ. ಅಲ್ಲಿಗೆ ಬಟ್ಟೆಬರೆಗೆ ಸಿಗುವುದು ಬರೀ 10 ಕೆಜಿ. ಬಟ್ಟೆ ಬ್ಯಾಗಿನ ಜೋಡಿ ಮತ್ತು ಸ್ಟೇ ಕೂಡಿ 8 ಕೆಜಿ ಒಳಗೆ ಮುಗಿಯುತ್ತದೆ, 17 ಕೆಜಿ ನಿಮ್ಮದಾಗುತ್ತದೆ. ಹೀಗಾಗಿ ಇಬ್ಬರು ಕೂತು ಹೋಗುವ 350 ಗಾಡಿಗೆ ಬಟ್ಟೆ ಬ್ಯಾಗೇ ಸರಿ. ಒಂದೊಂದು ಬದಿಗೆ 25ರಿಂದ 30 ಲೀಟರ್ ಧಾರಾಳ ಸಾಕು. ದೊಡ್ಡದು ತಂದರೆ ತುಂಬದೇ ಬಿಡುವುದಿಲ್ಲ, ಭಾರ ಏರಿಬಿಡುತ್ತದೆ.

ಪೆಟ್ಟಿಗೆಯ ಒಳ್ಳೆಯ ಗುಣಗಳನ್ನು ಅಲ್ಲಗಳೆಯುತ್ತಿಲ್ಲ. ಕೀಲಿ ಹಾಕಬಹುದು, ಮಳೆಗೆ ಅಂಜಬೇಕಿಲ್ಲ, ಲಾಡ್ಜಿನ ಮುಂದೆ ಗಾಡಿ ನಿಲ್ಲಿಸಿ ನೆಮ್ಮದಿಯಾಗಿ ಊಟಕ್ಕೆ ಹೋಗಬಹುದು. ಒಬ್ಬರೇ ಹೋಗುವವರಿಗೆ ಅದು ಚಲೋ ಆಯ್ಕೆ. ಆದರೆ ನಮ್ಮ ಎರೆ ಮಣ್ಣಿನ ದಾರಿಯಲ್ಲಿ ಒಂದು ಅಪಾಯವಿದೆ. ಮಳೆ ಬಿದ್ದ ಮೇಲೆ ಗಾಡಿ ಜಾರಿದಾಗ ಕಾಲು ಕೆಳಗಿಡುತ್ತೇವೆ. ಕಾಲು ಕೆಸರಲ್ಲಿ ಹೂತು ನಿಲ್ಲುತ್ತದೆ, ಗಾಡಿ ಮುಂದೆ ಸರಿಯುತ್ತದೆ, ಪೆಟ್ಟಿಗೆಯ ಅಂಚು ಹಿಂದಿನಿಂದ ಬಂದು ಮೀನಖಂಡಕ್ಕೆ ಬಡಿಯುತ್ತದೆ. ಇದರಿಂದ ಕಾಲು ಮುರಿದುಕೊಂಡವರಿದ್ದಾರೆ. ಬಟ್ಟೆ ಬ್ಯಾಗಾದರೆ ಬಾಗಿ ಕಾಲಿಗೆ ಜಾಗ ಕೊಡುತ್ತದೆ.

ಬ್ಯಾಗ್ ಯಾವುದೇ ತನ್ನಿ, ಸ್ಟೇ ಇಲ್ಲದೆ ಕಟ್ಟಬೇಡಿ. ಸೀಟಿನ ಮೇಲೆ ಬೆಲ್ಟ್ ಎಸೆದು ಇಳಿಬಿಟ್ಟ ಬ್ಯಾಗು ನಿಂತಾಗ ಸರಿಯಾಗಿಯೇ ಕಾಣುತ್ತದೆ. ಓಡುವಾಗ ಗಾಳಿ ಅದನ್ನು ಒಳಕ್ಕೆ ಒತ್ತುತ್ತದೆ, ಗುಂಡಿಯಲ್ಲಿ ಹಿಂದಿನ ಚಕ್ರ ಮೇಲೇಳುತ್ತದೆ. ಬ್ಯಾಗಿನ ಕೆಳ ಮೂಲೆ ಟೈರಿಗೆ ಉಜ್ಜುತ್ತದೆ, ಇಲ್ಲವೇ ಬೆಲ್ಟಿನ ತುದಿ ಸ್ಪೋಕಿಗೆ ಸಿಕ್ಕಿಕೊಳ್ಳುತ್ತದೆ. ಸೈಲೆನ್ಸರಿಗೂ ಬ್ಯಾಗಿಗೂ ನಡುವೆ 3 ಇಂಚು ಅಂತರ ಬೇಕು. ಅದನ್ನು ಖಾಲಿ ಗಾಡಿಯಲ್ಲಿ ಅಳೆಯಬೇಡಿ. ಸಾಮಾನು ತುಂಬಿ, ಇಬ್ಬರೂ ಕೂತು, ಮೂರನೆಯವರ ಕೈಲಿ ಬ್ಯಾಗನ್ನು ಒಳಕ್ಕೆ ಒತ್ತಿಸಿ ಅಳೆಯಿರಿ. ಇಂಟರ್‌ಸೆಪ್ಟರ್ 650ರಂತೆ ಎರಡು ಸೈಲೆನ್ಸರ್ ಇರುವ ಗಾಡಿಯಲ್ಲಿ ಎರಡೂ ಬದಿ ನೋಡಬೇಕು.

ಸ್ಟೇ ಕೂಡಿಸಲು ಸೀರೆ ಗಾರ್ಡ್ ಬಿಚ್ಚೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಾಗದಂತೆ ಮುಚ್ಚುವ ರಕ್ಷಣೆ ಇರಲೇಬೇಕು. ಸೀರೆ, ದುಪಟ್ಟ ಚಕ್ರಕ್ಕೆ ಸಿಕ್ಕರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ತುಂಬುವಾಗ ಟೂಲ್ಸ್, ಚಾರ್ಜರ್, ಶೂಗಳಂಥ ಭಾರದ್ದು ಬ್ಯಾಗಿನ ತಳಕ್ಕೆ, ಮುಂಭಾಗಕ್ಕೆ ಹೋಗಲಿ. ಎಡಬಲದ ವ್ಯತ್ಯಾಸ 1 ಕೆಜಿ ದಾಟದಿರಲಿ. ಕೈಯಿಂದ ಎತ್ತಿ ಅಂದಾಜು ಮಾಡಬೇಡಿ, ತಕ್ಕಡಿಗೆ ಹಾಕಿ. ಖಡಕ್ ರೊಟ್ಟಿ ಕಟ್ಟಿಕೊಂಡು ಹೋಗುವುದಾದರೆ ಸೈಡ್ ಬ್ಯಾಗಿನಲ್ಲಿ ಇಟ್ಟರೆ ಸಂಜೆಗೆ ಪುಡಿ. ಸ್ಟೀಲ್ ಡಬ್ಬಿಯಲ್ಲಿ ಸುತ್ತ ಬಟ್ಟೆ ಒತ್ತಿ ಟ್ಯಾಂಕ್ ಬ್ಯಾಗಿಗೆ ಹಾಕಿ, ಅಲ್ಲಿ ಕುಲುಕಾಟ ಕಡಿಮೆ.

ಪ್ರಶ್ನೆ: ಹಿಮಾಲಯನ್ ಗಾಡಿಗೆ 45 ಲೀಟರಿನ ಟಾಪ್ ಬಾಕ್ಸ್ ಹಾಕಸೀನಿ. ಕಲಬುರಗಿ ಹೈವೇದಾಗ 90 ದಾಟಿದ್ರ ಹ್ಯಾಂಡಲ್ ಅಲುಗಾಡ್ತದ. ಟೈರ್ ಬದಲಿ ಮಾಡಬೇಕೇನು?
— ಓದುಗರು, ಹುಮನಾಬಾದ್

ಉತ್ತರ: ಟೈರಿಗೆ ದುಡ್ಡು ಹಾಕುವ ಮುಂಚೆ ಬಾಕ್ಸ್ ಬಿಚ್ಚಿಟ್ಟು ಅದೇ ರಸ್ತೆಯಲ್ಲಿ ಒಮ್ಮೆ ಓಡಿಸಿ. ಅಲುಗಾಟ ನಿಂತರೆ ತಪ್ಪು ಭಾರದ ಜಾಗದ್ದು. ಟಾಪ್ ಬಾಕ್ಸ್ ಹಿಂದಿನ ಚಕ್ರದ ಅಚ್ಚಿಗಿಂತ ಹಿಂದೆ, ಎತ್ತರದಲ್ಲಿ ಕೂತಿರುತ್ತದೆ. ಅಲ್ಲಿಟ್ಟ ಭಾರ ಹಾರೆಯಂತೆ ಮುಂಗಾಲಿಯನ್ನು ಮೇಲಕ್ಕೆ ಮೀಟುತ್ತದೆ. ಮುಂಗಾಲಿ ಹಗುರಾದಷ್ಟೂ ಹ್ಯಾಂಡಲ್ ಹಿಡಿತ ಕಳೆದುಕೊಳ್ಳುತ್ತದೆ.

ಆ ಬಾಕ್ಸಿನಲ್ಲಿ ರೇನ್‌ಕೋಟ್, ಗ್ಲೌಸ್‌ನಂಥ ಹಗುರ ಸಾಮಾನು ಮಾತ್ರ ಇರಲಿ, 3ರಿಂದ 5 ಕೆಜಿ. ಬಾಕ್ಸಿನ ಮೇಲೆ 10 ಕೆಜಿ ಎಂದು ಬರೆದಿದ್ದರೂ ಅದು ಬಾಕ್ಸಿನ ಮಾತು. ಕೆಳಗಿನ ರ‍್ಯಾಕಿನ ಮಿತಿ ಇನ್ನೂ ಕಡಿಮೆ ಇರಬಹುದು, ಚಿಕ್ಕದನ್ನೇ ಪಾಲಿಸಿ. ಹಿಂದಿನ ಶಾಕ್‌ನ ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಹೊಂದಿಕೆ, ಏರಿಸಿ. ಗಾಳಿಯನ್ನು ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಕೈಪಿಡಿಯಲ್ಲಿ ಇಬ್ಬರಿಗೆ ಹೇಳಿದಷ್ಟು ಹಾಕಿಸಿ. ಮಧ್ಯಾಹ್ನದ ಬಿಸಿಲಲ್ಲಿ ಓಡಿಸಿ ಬಂದು ನೋಡಿದರೆ ಮೀಟರ್ ಹೆಚ್ಚೇ ತೋರಿಸುತ್ತದೆ. ಬಾಕ್ಸ್ ಬಿಚ್ಚಿದ ಮೇಲೂ ಅಲುಗಿದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವಲ್ಲಿನ ಬೇರಿಂಗ್), ಚಕ್ರದ ಬೇರಿಂಗ್, ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಬುಷ್ ನೋಡಿಸಿ. ಹಿಂದಿನ ಟೈರ್ ನಡುವೆ ಸವೆದು ಚಪ್ಪಟೆಯಾಗಿದ್ದರೆ ಮಾತ್ರ ಬದಲಿಸಿ.

ಓಡುವಾಗಲೇ ಅಲುಗಾಟ ಶುರುವಾದರೆ ಮುಂದಿನ ಬ್ರೇಕ್ ಒತ್ತಬೇಡಿ, ಹ್ಯಾಂಡಲ್ ಬಿಗಿ ಹಿಡಿಯಬೇಡಿ. ತೊಡೆಯಿಂದ ಟ್ಯಾಂಕ್ ಒತ್ತಿ ಹಿಡಿದು ಮುಂದಕ್ಕೆ ಬಾಗಿ, ಥ್ರಾಟಲ್ ಮೆಲ್ಲಗೆ ಇಳಿಸಿ.

ಪ್ರಶ್ನೆ: ಇಲ್ಲೇ ವೆಲ್ಡಿಂಗ್ ಅಂಗಡಿಯಾಗ ಸ್ಟೇ ಮಾಡಿಸಿದ್ದೆ. ಎರಡನೇ ಸಲ ಹೋದಾಗಲೇ ಬಲಗಡೆ ವೆಲ್ಡ್ ಸೀಳಿತು. ಪೈಪ್ ದಪ್ಪಂದು ಹಾಕಸ್ಲೇನು?
— ಓದುಗರು, ಸೇಡಂ

ಉತ್ತರ: ಪೈಪಿನ ದಪ್ಪ ಸಾಮಾನ್ಯವಾಗಿ ಕಾರಣವಲ್ಲ. ಎಡ, ಬಲದ ಸ್ಟೇಗಳನ್ನು ನಂಬರ್ ಪ್ಲೇಟಿನ ಹಿಂದೆ ಒಂದು ಅಡ್ಡ ಪೈಪಿನಿಂದ ಜೋಡಿಸಿದ್ದಾರೆಯೇ ನೋಡಿ. ಜೋಡಿಸದಿದ್ದರೆ ಒಂದೊಂದು ಬದಿಯೂ ತನ್ನಷ್ಟಕ್ಕೆ ತೂಗಾಡುತ್ತದೆ, ಬಾಗಿ ಬಾಗಿ ವೆಲ್ಡಿನ ಅಂಚಿನಲ್ಲೇ ಬಿರುಕು ಬಿಡುತ್ತದೆ. ಒಂದು ಬದಿಗೆ ಮೂರು ಕಡೆ ಹಿಡಿತ ಬೇಕು: ಹಿಂದಿನ ಫುಟ್‌ರೆಸ್ಟ್ ಹತ್ತಿರ, ಸೀಟಿನ ಕೆಳಗೆ, ಈ ಅಡ್ಡ ಪೈಪು.

18 ಮಿಮೀ ಹೊರ ಅಳತೆಯ, 2 ಮಿಮೀ ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್) ಪೈಪ್ ಸಾಕು. ಪೈಪಿನ ತುದಿಯನ್ನೇ ಸುತ್ತಿಗೆಯಿಂದ ಚಪ್ಪಟೆ ಮಾಡಿ ತೂತು ಕೊರೆದಿದ್ದರೆ ಮುಂದಿನ ಬಿರುಕು ಅಲ್ಲೇ. 5 ಮಿಮೀ ಪಟ್ಟಿ ಬೆಸೆದು ಅದಕ್ಕೆ ತೂತು ಹಾಕಿಸಿ. ಸ್ಟೇ ಬಿಚ್ಚಿ ಕೊಟ್ಟು ವೆಲ್ಡ್ ಮಾಡಿಸಿ. ಗಾಡಿಯ ಮೇಲೇ ಮಾಡಿದರೆ ವೆಲ್ಡಿಂಗ್ ಕರೆಂಟು ವೈರಿಂಗ್ ಹಾದು ಇಸಿಯು, ಅಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್, ಸುಡಬಹುದು. ಚಾಸಿಗೆ ಮಾತ್ರ ಏನನ್ನೂ ಬೆಸೆಯಕೂಡದು. ಬೋಲ್ಟಿಗೆ ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್) ಹಾಕಿ, ಮೊದಲ 100 ಕಿಮೀಗೆ ಒಮ್ಮೆ, ಆಮೇಲೆ 500 ಕಿಮೀಗೊಮ್ಮೆ ಪಾನಾ ಹಚ್ಚಿ ನೋಡಿ.

ಪ್ರಶ್ನೆ: ರೇನ್ ಕವರ್ ಹಾಕಿದ್ರೂ ಬ್ಯಾಗಿನಾಗಿನ ಬಟ್ಟಿ ತೊಯ್ತಾವ. ಯಾಕ?
— ಓದುಗರು, ಶಹಾಪುರ

ಉತ್ತರ: ಕವರ್ ತಡೆಯುವುದು ಮೇಲಿನ ಮಳೆಯನ್ನು. ಹಿಂದಿನ ಚಕ್ರ ಎರಚುವ ನೀರು ಒಳಬದಿಯಿಂದ ನುಗ್ಗಿ ಕವರಿನ ತಳದಲ್ಲಿ ನಿಲ್ಲುತ್ತದೆ, ಬ್ಯಾಗು ಅದರಲ್ಲೇ ನೆನೆಯುತ್ತದೆ. ಬ್ಯಾಗಿನ ಒಳಗೆ ಬಾಯಿ ಸುತ್ತುವ ವಾಟರ್‌ಪ್ರೂಫ್ ಚೀಲ ಇಡಿ, ಬಾಯನ್ನು ಮೂರು ಸುತ್ತಾದರೂ ಮಡಚಿ ಬಕಲ್ ಹಾಕಿ. ಬೇಸಿಗೆಯ ಧೂಳಿಗೂ ಇದೇ ಮದ್ದು, ಏಕೆಂದರೆ ಜಿಪ್ಪಿನ ಹಲ್ಲುಗಳ ನಡುವೆ ಧೂಳು ಸಲೀಸಾಗಿ ಇಳಿಯುತ್ತದೆ.

ಮಳೆಯ ಮಾತು ಬಂತು, ಅದಕ್ಕೇ ಇನ್ನೊಂದು: ಭಾರ ಹೇರಿದ ಗಾಡಿಯ ಸೈಡ್ ಸ್ಟ್ಯಾಂಡ್ ಎರೆ ಭೂಮಿಯಲ್ಲಿ ಹೂತು ಗಾಡಿ ಮಲಗುತ್ತದೆ. ಅಂಗೈ ಅಗಲದ ಶಹಾಬಾದ್ ಪರ್ಸಿ (ಹಾಸುಗಲ್ಲು) ತುಂಡೊಂದನ್ನು ಬ್ಯಾಗಿನ ಹೊರ ಜೇಬಿನಲ್ಲಿಟ್ಟುಕೊಂಡು ಸ್ಟ್ಯಾಂಡಿನ ಕೆಳಗೆ ಹಾಕಿ.