ಮಾತಾಡೋಕೆ ಆಗದಿದ್ದರೂ ನೆನೆಯಬಹುದು

ಅಮ್ಮನ ನೆನಪಿನ ಸಭೆಯಲ್ಲಿ ಎದ್ದು ನಿಂತರೆ ಅಳು ಬಂದುಬಿಡುತ್ತೆ, ಭಾಷಣ ಬಿಟ್ಟು ಬೇರೇನು ಮಾಡಬಹುದು ಅಂತ ಕೇಳಿದ್ದೀರಿ. ಅತ್ತರೆ ಅಳಿ, ಯಾರೂ ತಪ್ಪು ತಿಳಿಯಲ್ಲ. ಆದರೂ ಭಾಷಣ ಮಾಡಲೇಬೇಕು ಅಂತೇನಿಲ್ಲ.

ನಮ್ಮ ಅತ್ತೆ ತೀರಿಕೊಂಡಾಗ ಒಂದು ಮೇಜಿನ ಮೇಲೆ ಅವರು ದಿನಾ ಬಳಸುತ್ತಿದ್ದ ವಸ್ತುಗಳನ್ನಷ್ಟೇ ಇಟ್ಟಿದ್ದೆವು. ದಾರ ಸುತ್ತಿ ಬಿಗಿ ಮಾಡಿದ ಕನ್ನಡಕ, ಹೊಲಿಗೆ ಡಬ್ಬಿ, ಅರ್ಧ ತುಂಬಿದ ಲೆಕ್ಕದ ಪುಸ್ತಕ. ದೊಡ್ಡ ಫೋಟೋದ ಮುಂದೆ ಕೈಕಟ್ಟಿ ನಿಂತಿದ್ದ ಜನ ಆ ಕನ್ನಡಕ ನೋಡಿ ನಕ್ಕರು, ಆಮೇಲೆ ತಾವಾಗಿಯೇ ಮಾತಿಗಿಳಿದರು.

ಪಕ್ಕದಲ್ಲಿ ಖಾಲಿ ಚೀಟಿ, ಪೆನ್ನು ಇಡಿ. ‘ನಿಮ್ಮ ನೆನಪು ಬರೆಯಿರಿ’ ಅಂದರೆ ಎಲ್ಲರೂ ‘ತುಂಬಾ ಒಳ್ಳೆಯವರು’ ಅಂತ ಬರೆದು ಹೋಗುತ್ತಾರೆ. ‘ಅವರಿಂದ ನೀವು ಕಲಿತ ಒಂದು ಕೆಲಸ ಯಾವುದು?’ ಅಂತ ಕೇಳಿ ನೋಡಿ. ನಿಮಗೇ ಗೊತ್ತಿಲ್ಲದ ಅಮ್ಮ ಸಿಗುತ್ತಾರೆ.

ಫೋನಿನಲ್ಲಿ ಅವರ ಹಳೆಯ ವಾಯ್ಸ್ ಮೆಸೇಜ್ ಇದ್ದರೆ ಮೊದಲು ಇನ್ನೊಂದು ಕಡೆ ಕಾಪಿ ಮಾಡಿಟ್ಟುಕೊಳ್ಳಿ. ಸಭೆಯಲ್ಲಿ ಕೇಳಿಸಬೇಕು ಅಂತಿದ್ದರೆ ಅಪ್ಪನಿಗೆ, ಒಡಹುಟ್ಟಿದವರಿಗೆ ಮುಂಚೆಯೇ ಹೇಳಿ. ಆ ದನಿ ಸುಮ್ನೆ ದಿಢೀರಂತ ಕೇಳಿಸಿದರೆ ತಡೆದುಕೊಳ್ಳೋದು ಕಷ್ಟ, ಅಲ್ವಾ?

ಏನಾದರೂ ಓದಲೇಬೇಕು ಅನ್ನಿಸಿದರೆ ಒಂದೇ ಪುಟ, ದಪ್ಪ ಅಕ್ಷರದಲ್ಲಿ. ಇನ್ನೊಂದು ಪ್ರತಿ ಗೆಳತಿಯ ಕೈಗೆ ಕೊಟ್ಟಿರಿ. ನಿಮ್ಮ ಗಂಟಲು ಕಟ್ಟಿದ ಕಡೆಯಿಂದ ಅವರು ಮುಂದುವರಿಸಲಿ.