ಹಳೆಯ ನೂಲಿನ ಕಾಲುಚೀಲ: ತುದಿ ಮುಚ್ಚುವುದು ಹೇಗೆ?

ಪ್ರಶ್ನೆ: ಹತ್ತು ವರ್ಷದಿಂದ ಪೆಟ್ಟಿಗೆಯಲ್ಲಿದ್ದ 100 ಗ್ರಾಂ ಉಣ್ಣೆ ನೂಲಿನಿಂದ ಕಾಲುಚೀಲ ಹೆಣೆಯುತ್ತಿದ್ದೇನೆ. ಒಂದು ಕಾಲುಚೀಲ ಬೆರಳ ತುದಿಯವರೆಗೆ ಬಂದಿದೆ. ನೂಲು ಅಲ್ಲಲ್ಲಿ ತುಂಡಾಗುತ್ತಿದೆ. ಎರಡನೆಯದಕ್ಕೆ ಸಾಲುತ್ತದೆಯೇ? ತುದಿ ಮುಚ್ಚಿದಲ್ಲಿ ಗಂಟು ಒತ್ತದಂತೆ ಏನು ಮಾಡಲಿ?

ಉತ್ತರ: ಮೊದಲು ನೂಲನ್ನು ಒಂದೊಂದು ಮೊಳದಷ್ಟು ಹಿಡಿದು ಎಳೆದು ನೋಡಿ. ಎಲ್ಲೆಡೆಯೂ ಸುಲಭವಾಗಿ ಹರಿದರೆ ಎಳೆಯೇ ಶಿಥಿಲವಾಗಿದೆ; ಹಿಮ್ಮಡಿಯ ತಿಕ್ಕಾಟವನ್ನು ಅದು ತಾಳದು, ಬಿಟ್ಟುಬಿಡಿ. ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಹರಿದರೆ ನುಸಿ ತಿಂದಿರಬಹುದು. ಆ ಭಾಗ ಕತ್ತರಿಸಿ, ಜೋಡಣೆ ಅಂಗಾಲಿಗೆ ಬಾರದಂತೆ ನೋಡಿಕೊಳ್ಳಿ.

ಸಾಲುತ್ತದೆಯೇ ಎಂಬುದನ್ನು ಅಡುಗೆಮನೆಯ ತಕ್ಕಡಿಯೇ ಹೇಳುತ್ತದೆ. ಮುಗಿದ ಕಾಲುಚೀಲಕ್ಕಿಂತ ಉಳಿದ ನೂಲಿನ ತೂಕ ಕಡಿಮೆಯಿದ್ದರೆ ಎರಡರ ತುದಿಯನ್ನೂ ಬೇರೆ ಬಣ್ಣದಲ್ಲಿ ಹೆಣೆಯಿರಿ. ಒಂದರಲ್ಲಿ ಮಾತ್ರ ಮಾಡಿದರೆ ಜೋಡಿ ಅನ್ನಿಸುವುದಿಲ್ಲ.

64 ಕುಣಿಕೆಗಳಿದ್ದರೆ ಸುತ್ತು ಬಿಟ್ಟು ಸುತ್ತಿನಲ್ಲಿ 4ರಂತೆ ಇಳಿಸಿ 32ಕ್ಕೆ ತನ್ನಿ. ನಂತರ ಪ್ರತಿ ಸುತ್ತಿನಲ್ಲೂ ಇಳಿಸಿ 16 ಉಳಿಸಿ. ಒಂದರ ಹಿಂದೊಂದು ಹಿಡಿದ ಎರಡು ಕಡ್ಡಿಗಳಲ್ಲಿ 8–8 ಇರಲಿ. 30 ಸೆಂ.ಮೀ. ನೂಲು ಬಿಟ್ಟು ಕತ್ತರಿಸಿ, ಮೊಂಡು ಸೂಜಿಗೆ ಪೋಣಿಸಿ. ಆರಂಭದಲ್ಲಿ ಎದುರಿನ ಕಡ್ಡಿಯ ಮೊದಲ ಕುಣಿಕೆಗೆ ಉಲ್ಟಾ (ಪರ್ಲ್ ಹೆಣೆಯುವಂತೆ), ಹಿಂದಿನ ಕಡ್ಡಿಯ ಮೊದಲ ಕುಣಿಕೆಗೆ ಸೀದಾ (ನಿಟ್ ಹೆಣೆಯುವಂತೆ) ಸೂಜಿ ಹಾಕಿ. ಎರಡನ್ನೂ ಕಡ್ಡಿಯಲ್ಲೇ ಬಿಡಿ. ಆಮೇಲೆ ಕ್ರಮ ಹೀಗೆ: ಎದುರಿನ ಕಡ್ಡಿಯ ಮೊದಲ ಕುಣಿಕೆಗೆ ಸೀದಾ ಹಾಕಿ ಕಡ್ಡಿಯಿಂದ ಜಾರಿಸಿ, ಅದರ ಪಕ್ಕದ ಕುಣಿಕೆಗೆ ಉಲ್ಟಾ ಹಾಕಿ ಕಡ್ಡಿಯಲ್ಲೇ ಬಿಡಿ, ಹಿಂದಿನ ಕಡ್ಡಿಯ ಮೊದಲ ಕುಣಿಕೆಗೆ ಉಲ್ಟಾ ಹಾಕಿ ಜಾರಿಸಿ, ಅದರ ಪಕ್ಕದ ಕುಣಿಕೆಗೆ ಸೀದಾ ಹಾಕಿ ಕಡ್ಡಿಯಲ್ಲೇ ಬಿಡಿ. ನೂಲನ್ನು ಬಿಗಿಯಬೇಡಿ, ಬಿಗಿದ ಸಾಲೇ ಏಣಾಗಿ ಬೆರಳಿಗೆ ಒತ್ತುವುದು. ಕೊನೆಯಲ್ಲಿ ಸೂಜಿಯ ಮೊನೆಯಿಂದ ಒಂದೊಂದೇ ಕುಣಿಕೆಯನ್ನು ಸರಿಹೊಂದಿಸಿ, ಬಾಲವನ್ನು ಒಳಗೆಳೆದು ಓರೆಯಾಗಿ ನೇಯ್ದುಬಿಡಿ. ಗಂಟೇ ಬೇಡ.