ಚಕ್ರದ ಮೇಲಿನ ಮನೆಗೂ ಖಾತೆ ಬೇಕೇ?

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ಮನೆಯಲ್ಲಿ ನಾನು, ನನ್ನ ಪತ್ನಿ ಇಬ್ಬರೇ ಇದ್ದು, ಚಿಕ್ಕಮಗಳೂರು ನಗರದಲ್ಲಿ ಬಾಡಿಗೆಗಿದ್ದೇವೆ. ಆಲ್ದೂರಿನ ಕಡೆ ಒಂದು ಕಾಫಿ ತೋಟವನ್ನು ಮೂರು ಮೂರು ಗುಂಟೆಯಂತೆ ತುಂಡು ಮಾಡಿ ಮಾರುತ್ತಿದ್ದಾರೆ. ಅಲ್ಲೊಂದು ತುಂಡು ಕೊಂಡು ಇಪ್ಪತ್ತು ಅಡಿಯ ಕಂಟೇನರ್ ಮನೆಯನ್ನೋ, ಚಕ್ರದ ಮೇಲೆ ನಿಲ್ಲುವ ಮರದ ಪುಟ್ಟ ಮನೆಯನ್ನೋ ಇಟ್ಟು ಕಾಯಮ್ಮಾಗಿ ನೆಲೆಸುವ ಯೋಚನೆಯಿದೆ. ಬೆಂಗಳೂರಿನಲ್ಲಿರುವ ಮಗ ಅಮೆರಿಕದ ಇಂಥ ಮನೆಗಳ ವಿಡಿಯೊ ತೋರಿಸಿದ ಮೇಲೆ ಆಸೆ ಹೆಚ್ಚಾಗಿದೆ. "ತಳಪಾಯವೇ ಇಲ್ಲವಲ್ಲ ಸಾರ್, ಯಾರ ಪರವಾನಗಿಯೂ ಬೇಡ" ಎಂದು ಮಾರುವವರು ಹೇಳುತ್ತಾರೆ. ಇದು ನಿಜವೇ? ಇಂಥ ಮನೆಯಲ್ಲಿ ಬಾಳುವುದರ ತೊಂದರೆಗಳೇನು?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ನಿಜವಲ್ಲ. ಮಾರುವವರು ಹೇಳುತ್ತಿರುವ ವಾದ ಹುಟ್ಟಿದ್ದು ಅಮೆರಿಕದಲ್ಲಿ, ಅಲ್ಲಿಯೂ ಅದು ಪೂರ್ತಿ ಗೆದ್ದಿಲ್ಲ. ಮನೆ ಇಂತಿಷ್ಟು ಚದರ ಅಡಿಗಿಂತ ಚಿಕ್ಕದಾಗಿರಕೂಡದೆಂಬ ನಿಯಮ ಅಲ್ಲಿಯ ಹಲವು ಊರುಗಳಲ್ಲಿ ಇದ್ದುದರಿಂದ, ಪುಟ್ಟ ಮನೆ ಕಟ್ಟುವವರು ಅದಕ್ಕೆ ಚಕ್ರ ಜೋಡಿಸಿ, ಇದು ಕಟ್ಟಡವಲ್ಲ, ವಾಹನ ಎಂದು ಹೇಳಿ ನುಣುಚಿಕೊಳ್ಳುವ ದಾರಿ ಹುಡುಕಿದರು. ಆದರೆ ವಾಹನವೆಂದು ಒಪ್ಪಿಕೊಂಡ ಮೇಲೆ ಅದರಲ್ಲಿ ವರ್ಷವಿಡೀ ವಾಸಿಸಲು ಅನೇಕ ಊರುಗಳ ಆಡಳಿತ ಬಿಡುವುದಿಲ್ಲ. ಅಲ್ಲಿಯ ವಸತಿ ಕಟ್ಟಡ ಸಂಹಿತೆಯ 2018ರ ಆವೃತ್ತಿಯಲ್ಲಿ 400 ಚದರ ಅಡಿಯವರೆಗಿನ ಮನೆಗಳಿಗೆಂದೇ ಒಂದು ಅನುಬಂಧ ಸೇರಿ, ಚಾವಣಿ 6 ಅಡಿ 8 ಅಂಗುಲ ಎತ್ತರವಿದ್ದರೂ ಸಾಕೆಂಬ ರಿಯಾಯಿತಿ ಸಿಕ್ಕಿತು. ಅದೂ ಆ ಅನುಬಂಧವನ್ನು ಅಳವಡಿಸಿಕೊಂಡ ರಾಜ್ಯ ಮತ್ತು ಊರುಗಳಿಗೆ ಮಾತ್ರ. ಮಗ ತೋರಿಸಿದ ವಿಡಿಯೊಗಳಲ್ಲಿ ಈ ಭಾಗ ಇದ್ದಿರಲಾರದು.

ನಮ್ಮಲ್ಲಿ ಕಾನೂನು ಮೊದಲು ನೋಡುವುದು ಮನೆಯ ಗಾತ್ರವನ್ನಲ್ಲ, ಅದು ನಿಂತ ನೆಲವನ್ನು. ಕರ್ನಾಟಕ ಭೂ ಕಂದಾಯ ಅಧಿನಿಯಮ 1964ರ 95ನೇ ಕಲಮಿನ ಪ್ರಕಾರ ಕೃಷಿ ಜಮೀನನ್ನು ವಾಸಕ್ಕೆ ಬಳಸಬೇಕಾದರೆ ಜಿಲ್ಲಾಧಿಕಾರಿಯಿಂದ ಭೂಪರಿವರ್ತನೆಯ ಆದೇಶ, ಅಂದರೆ ಜನ ಅನ್ಯಕ್ರಾಂತ ಎನ್ನುವ ಕಾಗದ, ಬೇಕು. ಇಲ್ಲಿನ ಪ್ರಶ್ನೆ ಜಮೀನಿನ ಬಳಕೆ ಬದಲಾಯಿತೇ ಎಂಬುದೇ ಹೊರತು, ಕಲ್ಲು ಕಟ್ಟಿದಿರೋ ಚಕ್ರ ಇಟ್ಟಿರೋ ಎಂಬುದಲ್ಲ. ಅನುಮತಿಯಿಲ್ಲದೆ ಬಳಕೆ ಬದಲಿಸಿದರೆ ದಂಡ ವಿಧಿಸಲು 96ನೇ ಕಲಮು ಅವಕಾಶ ಕೊಡುತ್ತದೆ. ವ್ಯವಸಾಯದ ಅನುಕೂಲಕ್ಕಾಗಿ ತೋಟದ ಮನೆ ಕಟ್ಟಿಕೊಳ್ಳಲು ಅದೇ 95ನೇ ಕಲಮು ಹಿಡುವಳಿಯ ಶೇಕಡ 10ರ ಮಿತಿಯಲ್ಲಿ ವಿನಾಯಿತಿ ಕೊಟ್ಟಿದೆ ಎಂಬುದೂ ನಿಜ. ಮೂರು ಗುಂಟೆಯೆಂದರೆ 3,267 ಚದರ ಅಡಿ, ಅದರ ಹತ್ತನೇ ಒಂದು ಭಾಗ ಸುಮಾರು 326 ಚದರ ಅಡಿ, ಹಾಗಾಗಿ ಲೆಕ್ಕದಲ್ಲಿ ನಿಮ್ಮ ಕಂಟೇನರ್ ಅದರೊಳಗೇ ಕೂರುತ್ತದೆ ಎಂದು ಯಾರಾದರೂ ವಾದಿಸಬಹುದು. ಆದರೆ ವಿನಾಯಿತಿ ಇರುವುದು ವ್ಯವಸಾಯಕ್ಕೆ. ಮೂರು ಗುಂಟೆಯಲ್ಲಿ ಉಳಿದ ಹತ್ತಿಪ್ಪತ್ತು ಕಾಫಿ ಗಿಡಗಳನ್ನು ತೋರಿಸಿ, ನಿವೃತ್ತಿಯ ವಾಸವನ್ನು ಬೇಸಾಯವೆಂದು ಒಪ್ಪಿಸುವುದು ಕಷ್ಟ.

2020ರ ತಿದ್ದುಪಡಿಯಲ್ಲಿ ಭೂ ಸುಧಾರಣಾ ಅಧಿನಿಯಮದ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದ್ದರಿಂದ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಗಿದೆ. ಇದನ್ನೇ ಹಿಡಿದುಕೊಂಡು "ಈಗ ಯಾರು ಬೇಕಾದರೂ ಮನೆ ಕಟ್ಟಬಹುದು" ಎಂದು ಮಾರಾಟಗಾರರು ಹೇಳುವುದುಂಟು. ಕೊಳ್ಳುವ ಹಕ್ಕು ಬೇರೆ, ಕಟ್ಟುವ ಹಕ್ಕು ಬೇರೆ. ಮುಂಗಡ ಕೊಡುವ ಮೊದಲು ನಿಮ್ಮ ಮೂರು ಗುಂಟೆಗೆ ಪ್ರತ್ಯೇಕ 11ಇ ನಕ್ಷೆ, ಅಂದರೆ ಮಾರುವ ತುಂಡನ್ನು ಅಳೆದು ತೋರಿಸುವ ಸರ್ವೆ ನಕ್ಷೆ, ಆಗಿದೆಯೇ, ನಿಮ್ಮ ಹೆಸರಿಗೇ ಪಹಣಿ ಬರುತ್ತದೆಯೇ ಅಥವಾ ಇಡೀ ತೋಟದ ಪಹಣಿಯಲ್ಲಿ ಹತ್ತಾರು ಜನರೊಂದಿಗೆ ನೀವೂ ಒಬ್ಬ ಜಂಟಿದಾರರಾಗುತ್ತೀರೇ ಎಂಬುದನ್ನು ಕೇಳಿ. ಜಂಟಿ ಪಹಣಿಯಾದರೆ ಮುಂದೆ ಪೋಡಿ (ಸರ್ವೆ ನಂಬರಿನಿಂದ ನಿಮ್ಮ ಪಾಲನ್ನು ಬೇರೆ ಮಾಡುವುದು), ಪರಿವರ್ತನೆ, ಮಾರಾಟ ಎಲ್ಲಕ್ಕೂ ಇತರರ ಮುಖ ನೋಡಬೇಕಾಗುತ್ತದೆ. ಜಮೀನಿನ ಮೂಲವನ್ನೂ ವಿಚಾರಿಸಿ. ಅದು ಹಿಂದೆ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ, 1978ರ ಪಿಟಿಸಿಎಲ್ ಕಾಯಿದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿಯಿಲ್ಲದೆ ನಡೆದ ಮಾರಾಟ ಸಿಂಧುವಾಗುವುದಿಲ್ಲ. 2023ರ ತಿದ್ದುಪಡಿಯ ನಂತರ ಹೆಚ್ಚು ವರ್ಷ ಕಳೆದಿದೆ ಎಂಬ ಸಮರ್ಥನೆಯೂ ನಿಲ್ಲುವುದಿಲ್ಲ.

ನೆಲದ ಕಾಗದ ಸರಿಯಾದ ಮೇಲೆ ಪಂಚಾಯಿತಿಯ ಸರದಿ. 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಕಲಮಿನಂತೆ ಕಟ್ಟಡಕ್ಕೆ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಪಂಚಾಯಿತಿ ಆಸ್ತಿಗಳ ಗಣಕೀಕೃತ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಎಂಬ ಖಾತೆಯ ಕಾಗದಗಳು ಸಿಗುವುದು ಗ್ರಾಮಠಾಣಾ, ಅಂದರೆ ಹಳ್ಳಿಯ ವಾಸದ ನೆಲೆ, ಅಥವಾ ಪರಿವರ್ತನೆಯಾಗಿ ಬಡಾವಣೆಯ ವಿನ್ಯಾಸಕ್ಕೆ ಅನುಮೋದನೆ ಪಡೆದ ಜಾಗಕ್ಕೆ. ಯಾರಾದರೂ, ಸಕ್ರಮವಲ್ಲದ ಜಾಗಕ್ಕೆ ಕೊಡುವ ನಮೂನೆ 11ಬಿ ತೋರಿಸಿ "ಇದೂ ಖಾತೆಯೇ" ಎಂದರೆ, ತೆರಿಗೆ ಕಟ್ಟಿಸಿಕೊಂಡ ಮಾತ್ರಕ್ಕೆ ಜಾಗ ಸಕ್ರಮವಾಗುವುದಿಲ್ಲವೆಂಬುದು ನೆನಪಿರಲಿ.

ಇನ್ನು ಚಕ್ರದ ವಿಷಯ. ಚಕ್ರ ಹಾಕಿದರೆ ಒಂದು ಕಾನೂನಿನಿಂದ ಪಾರಾಗುವ ಬದಲು ಇನ್ನೊಂದನ್ನು ಮೈಮೇಲೆ ಎಳೆದುಕೊಂಡಂತಾಗುತ್ತದೆ. 1988ರ ಮೋಟಾರು ವಾಹನ ಕಾಯಿದೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ, ನೋಂದಣಿಯಿಲ್ಲದೆ ಅದನ್ನು ಸಾರ್ವಜನಿಕ ರಸ್ತೆಗೆ ತರುವಂತಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿದ, ಮಾದರಿ ಅನುಮೋದನೆಯಿಲ್ಲದ ಗಾಡಿಗೆ ಆರ್‌ಟಿಒ ಕಚೇರಿ ನೋಂದಣಿ ಕೊಡುವುದಿಲ್ಲ. ಹಾಗಾಗಿ ಅದು ಲಾರಿಯ ಮೇಲೇ ಬರಬೇಕು, ಒಮ್ಮೆ ಇಳಿದ ಮೇಲೆ ಆ ಚಕ್ರಗಳಿಂದ ಪ್ರಯೋಜನವಿಲ್ಲ.

ಗಾತ್ರದ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆ ಒಂದೇ ಇದ್ದರೆ ಅದು ಕನಿಷ್ಠ 9.5 ಚದರ ಮೀಟರ್ ಇರಬೇಕು, ಅಗಲ 2.4 ಮೀಟರಿಗೆ, ಎತ್ತರ 2.75 ಮೀಟರಿಗೆ ಕಡಿಮೆಯಿರಬಾರದು ಎನ್ನುತ್ತದೆ. ಅಡುಗೆಮನೆಗೆ 5 ಚದರ ಮೀಟರ್, ಸ್ನಾನ ಮತ್ತು ಶೌಚ ಒಂದೇ ಕಡೆಯಾದರೆ 2.8 ಚದರ ಮೀಟರ್. ಕೂಡಿದರೆ 17.3. ಇಪ್ಪತ್ತು ಅಡಿಯ ಕಂಟೇನರಿನ ಒಳಗಿನ ನೆಲ 14 ಚದರ ಮೀಟರೂ ತುಂಬುವುದಿಲ್ಲ, ಒಳ ಅಗಲ 2.35 ಮೀಟರ್, ಎತ್ತರ 2.39 ಮೀಟರ್. ಬಿಸಿಲು, ಚಳಿ ತಡೆಯಲು ಒಳಗೋಡೆಗೆ ಹಾಸು ಕೊಟ್ಟರೆ ಅದರಲ್ಲೂ ಇನ್ನಷ್ಟು ಹೋಗುತ್ತದೆ. ಸಂಹಿತೆ ಶಿಫಾರಸಿನ ರೂಪದ್ದು, ಕಟ್ಟುಪಾಡಾಗುವುದು ಸ್ಥಳೀಯ ಬೈಲಾದ ಮೂಲಕ. ಆದರೂ ನಕ್ಷೆಗೆ ಸಹಿ ಹಾಕುವ ಎಂಜಿನಿಯರ್ ಮೊದಲು ತೆರೆಯುವುದು ಇದೇ ಪುಟಗಳನ್ನು.

ಈಗ ನಿಮ್ಮ ಎರಡನೆಯ ಪ್ರಶ್ನೆ. ನನ್ನ ಮಟ್ಟಿಗೆ ಕಾಗದಪತ್ರಕ್ಕಿಂತ ದೊಡ್ಡ ಅಡ್ಡಿ ಮಳೆಗಾಲವೇ. ಪುಟ್ಟ ಮನೆಯವರು ಅರ್ಧ ಬದುಕುವುದು ಮನೆಯ ಹೊರಗೆ: ಊಟ ಮರದ ಕಟ್ಟೆಯ ಮೇಲೆ, ಓದು ಮರದ ಕೆಳಗೆ. ಆಲ್ದೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಹೊರಗೆಂಬುದು ನಿಮಗೆ ಸಿಗುವುದಿಲ್ಲ. ಮಲೆನಾಡಿನ ಹಳೆಯ ಮನೆಗಳಲ್ಲಿ ಉದ್ದದ ಜಗಲಿ, ಬಚ್ಚಲ ಒಲೆ, ಅದರ ಮೇಲಿನ ಅಟ್ಟ, ಪಕ್ಕದ ಕಟ್ಟಿಗೆ ಕೊಟ್ಟಿಗೆ ಇವೆಲ್ಲ ಇದ್ದದ್ದು ಸಿರಿತನ ತೋರಿಸಲಿಕ್ಕಲ್ಲ. ಬಟ್ಟೆ ಒಣಗಲು, ಸೌದೆ ಒಣಗಿರಲು, ಒದ್ದೆ ಕಾಲಿನಲ್ಲಿ ಬಂದವರು ಕೂರಲು ಬೇರೆ ದಾರಿಯಿರಲಿಲ್ಲ. ಕಂಟೇನರಿನಲ್ಲಿ ಎರಡು ಒದ್ದೆ ಕೊಡೆ, ಎರಡು ರೇನ್‌ಕೋಟು, ಎರಡು ಜೊತೆ ಗಂಬೂಟು ಇಟ್ಟರೆ ಬಾಗಿಲ ಬಳಿ ಕಾಲಿಡಲು ಜಾಗವಿರುವುದಿಲ್ಲ. ಕಿಟಕಿ ಮುಚ್ಚಿ ಅನ್ನಕ್ಕಿಟ್ಟರೆ ಕುಕ್ಕರಿನ ಹಬೆಯೆಲ್ಲ ತಣ್ಣಗಿನ ತಗಡಿಗೆ ತಾಗಿ, ಬೆಳಗಾಗುವುದರೊಳಗೆ ಸ್ಕ್ರೂಗಳ ತುದಿಯಿಂದ ತೊಟ್ಟಿಕ್ಕುತ್ತದೆ. ಗೋಡೆಗೆ ಒತ್ತಿದ ಹಾಸಿಗೆಯ ಹಿಂಬದಿ ಆಷಾಢ ಮುಗಿಯುವ ಮೊದಲೇ ಬೂಷ್ಟು ಹಿಡಿಯುತ್ತದೆ. ತೇವ ಹೀರುವ ಯಂತ್ರ ಇಡಬಹುದು, ಆದರೆ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುವುದೂ ಅದೇ ತಿಂಗಳುಗಳಲ್ಲಿ. ತಗಡಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಪಕ್ಕದಲ್ಲಿ ಕೂತವರ ಮಾತು ಕೇಳಿಸುವುದಿಲ್ಲ. ಒಂದು ದಿನಕ್ಕೆ ಹಿತ, ನೂರು ದಿನಕ್ಕಲ್ಲ.

ವಯಸ್ಸಿನ ಮಾತನ್ನೂ ಆಡಬೇಕು. ಇಂಥ ಮನೆಗಳಲ್ಲಿ ಮಲಗುವ ಜಾಗವನ್ನು ಅಟ್ಟದ ಮೇಲೆ ಮಾಡಿ ಏಣಿ ಇಡುತ್ತಾರೆ. ರಾತ್ರಿ ಎರಡು ಸಲ ಏಳಬೇಕಾದ ವಯಸ್ಸಿನಲ್ಲಿ ಆ ಏಣಿ ಬೇಡ. ಒಬ್ಬರಿಗೆ ಕೆಮ್ಮು ಬಂದರೆ ಇನ್ನೊಬ್ಬರು ಬೇರೆ ಕೋಣೆಗೆ ಹೋಗಿ ಮಲಗುವಂತಿಲ್ಲ. ದೀಪಾವಳಿಗೆ ಮಗ, ಸೊಸೆ ಬಂದರೆ ಅವರು ಮಲಗುವುದು ಪೇಟೆಯ ಲಾಡ್ಜಿನಲ್ಲೇ.

ಮನೆ ಚಿಕ್ಕದಾದರೂ ಶೌಚಗುಂಡಿ ಚಿಕ್ಕದಾಗುವುದಿಲ್ಲ. ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಗುಂಡಿ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್, ವಾಸದ ಮನೆಯಿಂದ 6 ಮೀಟರ್ ದೂರವಿರಬೇಕೆಂಬುದು ಭಾರತೀಯ ಮಾನಕ. ಮೂರು ಗುಂಟೆಯ ಚೌಕ ಜಾಗದ ಒಂದು ಬದಿ ಹದಿನೇಳೂವರೆ ಮೀಟರೂ ಇಲ್ಲ. ಅಂದರೆ ಒಂದು ಬದಿಯ ಈ ತುದಿಗೆ ಬಾವಿ, ಆ ತುದಿಗೆ ಇಂಗುಗುಂಡಿ ಎಂದರೂ ಅಂತರ ಸಾಲದು. ಮೂಲೆಯಿಂದ ಎದುರು ಮೂಲೆಗೆ ಹೋಗಬೇಕು, ಆಗ ಗುಂಡಿ ಪಕ್ಕದವರ ಬಾವಿಗೆ ಹತ್ತಿರವಾಗುತ್ತದೆ. ತೋಟವನ್ನು ಹೀಗೆ ತುಂಡು ಮಾಡಿ ಮಾರುವವರು ಈ ಲೆಕ್ಕ ಹಾಕಿದಂತೆ ಕಾಣುವುದಿಲ್ಲ.

ಬ್ಯಾಂಕುಗಳು ಪರಿವರ್ತನೆಯಾಗದ ಜಮೀನಿನ ಮೇಲಾಗಲೀ, ಎತ್ತಿಕೊಂಡು ಹೋಗಬಹುದಾದ ಪೆಟ್ಟಿಗೆಯ ಮೇಲಾಗಲೀ ಗೃಹಸಾಲ ಕೊಡಲು ಹಿಂಜರಿಯುತ್ತವೆ. ಹಾಗಾಗಿ ನಿಮ್ಮ ನಿವೃತ್ತಿಯ ಹಣವೇ ಪೂರ್ತಿ ಹೋಗುತ್ತದೆ, ಮುಂದೆ ಕೊಳ್ಳುವವರೂ ಕೈಯಿಂದಲೇ ಹಣ ತರಬೇಕಾಗುತ್ತದೆ. ಚಿಕ್ಕ ಮನೆಯ ಆಸೆ ಬಿಡಿ ಎಂದು ನಾನು ಹೇಳುವುದಿಲ್ಲ. ಇಬ್ಬರಿಗೆ ನಾನೂರು ಚದರ ಅಡಿ ಸಾಕು. ಅದನ್ನು ಒಂದು ಹಳ್ಳಿಯ ಗ್ರಾಮಠಾಣಾದೊಳಗೆ, ನಮೂನೆ 9 ಮತ್ತು 11ಎ ಇರುವ ನಿವೇಶನದಲ್ಲಿ ತಳಪಾಯ ಹಾಕಿ, ಹೆಂಚು ಹೊದಿಸಿ, ಮುಂದೆ ಮಳೆ ಹೊಡೆಯದ ಅಗಲವಾದ ಜಗಲಿ, ಹಿಂದೆ ಬೇರೆಯದೇ ಬಚ್ಚಲು ಮಾಡಿ ಕಟ್ಟಿಕೊಳ್ಳಿ. ಮೂರು ಗುಂಟೆ ಸಿಗಲಿಕ್ಕಿಲ್ಲ, ಆದರೆ ಬಸ್ಸೂ ಆಸ್ಪತ್ರೆಯೂ ಹತ್ತಿರವಿರುತ್ತವೆ.

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮ ತಂದೆಯ ಕಾಲದ ನಾಲ್ಕು ಎಕರೆ ಕಾಫಿ ತೋಟವಿದೆ. ಅದರಲ್ಲಿ ಮುನ್ನೂರು ಚದರ ಅಡಿಯ ಮರದ ಮನೆ ಮಾಡಿಕೊಂಡು ತೋಟ ನೋಡಿಕೊಳ್ಳಬೇಕೆಂದಿದ್ದೇನೆ. ಕಸ್ತೂರಿರಂಗನ್ ವರದಿ ಬಂದರೆ ಒಡೆಸುತ್ತಾರೆಂದು ಊರಿನವರು ಹೆದರಿಸುತ್ತಾರೆ.
– ಓದುಗರೊಬ್ಬರು, ಹಾನುಬಾಳು

ಉತ್ತರ: ನಿಮ್ಮ ಸ್ಥಿತಿ ಮೇಲಿನವರದ್ದಕ್ಕಿಂತ ಬಹಳ ಉತ್ತಮ. ನೀವೇ ಬೇಸಾಯ ಮಾಡುವ ನಾಲ್ಕು ಎಕರೆಯಲ್ಲಿ ಮುನ್ನೂರು ಚದರ ಅಡಿ ಎಂಬುದು ತೋಟದ ಮನೆಯ ವಿನಾಯಿತಿಯೊಳಗೆ ನಿರಾಯಾಸವಾಗಿ ಬರುತ್ತದೆ. ಪಂಚಾಯಿತಿಗೆ ಅರ್ಜಿ ಕೊಡುವುದನ್ನು ಮಾತ್ರ ಬಿಡಬೇಡಿ. ಇದೇ ಮನೆಯನ್ನು ಮುಂದೆ ಪ್ರವಾಸಿಗರಿಗೆ ಕೊಟ್ಟರೆ ಅದು ವ್ಯವಸಾಯದ ಬಳಕೆಯಾಗಿ ಉಳಿಯುವುದಿಲ್ಲ, ಹೋಂಸ್ಟೇ ನೋಂದಣಿಯ ಪ್ರಶ್ನೆಯೂ ಏಳುತ್ತದೆ.

ಊರಿನವರ ಹೆದರಿಕೆಗೆ ಆಧಾರವಿಲ್ಲ. ಪಶ್ಚಿಮ ಘಟ್ಟದ ರಕ್ಷಣೆಯ ಕುರಿತ ಆ ವರದಿಯನ್ನು ಆಧರಿಸಿ 2024ರ ಜುಲೈ 31ರಂದು ಕೇಂದ್ರ ಸರ್ಕಾರ ಹೊರಡಿಸಿದ ಕರಡು ಅಧಿಸೂಚನೆ ಕರ್ನಾಟಕದ 20,668 ಚದರ ಕಿಲೊಮೀಟರ್ ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಗುರುತಿಸಿದೆ. ಆದರೆ ಅದು ತಡೆಯಹೊರಟಿರುವುದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಹೊಸ ಕಟ್ಟಡಗಳನ್ನು, 50 ಹೆಕ್ಟೇರ್ ಮತ್ತು ಅದಕ್ಕಿಂತ ದೊಡ್ಡ ಬಡಾವಣೆಗಳನ್ನು. ನಿಮ್ಮ ಮನೆ 28 ಚದರ ಮೀಟರ್. ನೀವು ನಿಜವಾಗಿ ನೋಡಿಕೊಳ್ಳಬೇಕಾದದ್ದು ಮನೆ ನಿಲ್ಲಿಸುವ ಜಾಗ ಅರಣ್ಯ ಕಾಯಿದೆಯ ಸೆಕ್ಷನ್ 4ರ ಅಧಿಸೂಚನೆಯಲ್ಲಾಗಲೀ (ಮೀಸಲು ಅರಣ್ಯ ಮಾಡುವ ಮೊದಲ ಹೆಜ್ಜೆ) ಡೀಮ್ಡ್ ಅರಣ್ಯದ, ಅಂದರೆ ಅರಣ್ಯವೆಂದೇ ಪರಿಗಣಿಸಿದ ಜಮೀನಿನ, ಪಟ್ಟಿಯಲ್ಲಾಗಲೀ ಸಿಕ್ಕಿಕೊಂಡಿದೆಯೇ ಎಂಬುದನ್ನು. ತೋಟದ ಅಂಚಿನಲ್ಲಿ ಒತ್ತುವರಿಯ ತುಂಡೇನಾದರೂ ಸೇರಿದ್ದರೆ ಅಲ್ಲಿ ಕಂಬ ನೆಡಬೇಡಿ.

ಇನ್ನೊಂದು ಮಾತು ಕಾನೂನಿನದ್ದಲ್ಲ. ನಿಮ್ಮ ಸೀಮೆಯಲ್ಲಿ ಆನೆ ತೋಟದೊಳಗೇ ಓಡಾಡುತ್ತದೆ. ಅಕ್ಕಿಯ ವಾಸನೆಗೆ ಗೋಡೆ ಒಡೆದ ಆನೆಗಳ ಸುದ್ದಿ ನಿಮಗೆ ಹೊಸದಲ್ಲ. ಹಲಗೆಯ ಗೋಡೆಯ ಒಂಟಿ ಮನೆಯಲ್ಲಿ ಮಲಗುವ ಜಾಗಕ್ಕೂ ಅಕ್ಕಿಯ ಡಬ್ಬಕ್ಕೂ ನಡುವೆ ಅಂತರವೇ ಇರುವುದಿಲ್ಲ. ಲೈನ್‌ಮನೆಗಳ (ತೋಟದ ಕೆಲಸಗಾರರ ಸಾಲುಮನೆಗಳ) ಹತ್ತಿರ, ಹಲಸಿನ ಮರದಿಂದ ದೂರ ಕಟ್ಟಿ. ಸೊಂಟದ ಮಟ್ಟದವರೆಗಾದರೂ ಕಲ್ಲಿನ ಗೋಡೆಯಿರಲಿ.

ಪ್ರಶ್ನೆ: ಹಾಸನ ನಗರದಲ್ಲಿ ಅಪ್ಪ ಕಟ್ಟಿಸಿದ ಮನೆಯ ತಾರಸಿಯ ಮೇಲೆ ಒಂದು ಕಂಟೇನರ್ ಮನೆ ಕೂರಿಸಿ ನಾನು ಬೇರೆ ಸಂಸಾರ ಹೂಡಬಹುದೇ? ಪ್ರತ್ಯೇಕ ಮೀಟರ್ ಸಿಗುತ್ತದೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಮೊದಲು ಭಾರದ ಲೆಕ್ಕ. ಜನ ಓಡಾಡುವ ತಾರಸಿಗೆ ವಿನ್ಯಾಸದಲ್ಲಿ ಹಿಡಿಯುವ ಹೊರೆ ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 150 ಕಿಲೊ. ಇಪ್ಪತ್ತು ಅಡಿಯ ಖಾಲಿ ಕಂಟೇನರಿನ ತೂಕ ಎರಡು ಟನ್ನಿಗೂ ಮೇಲೆ. ಅದನ್ನು ಅದರ ತಳಕ್ಕೆ ಹಂಚಿದರೇ ಆ ಮಿತಿ ಮುಗಿಯುತ್ತದೆ, ವಾಸ್ತವದಲ್ಲಿ ಅದು ನಾಲ್ಕು ಮೂಲೆಗಳ ಮೇಲೆ ಮಾತ್ರ ಕೂರುತ್ತದೆ. ಮಂಚ, ಬೀರು, ನೀರಿನ ಟ್ಯಾಂಕು, ಮನುಷ್ಯರು ಇನ್ನೂ ಬಂದಿಲ್ಲ. ಅಪ್ಪನ ಮನೆಯ ಕಂಬಗಳು ಎಲ್ಲಿವೆ ಎಂದು ತಿಳಿದ ಸ್ಟ್ರಕ್ಚರಲ್ ಎಂಜಿನಿಯರ್ ಲಿಖಿತವಾಗಿ ಒಪ್ಪದೆ ಕ್ರೇನ್ ತರಿಸಬೇಡಿ.

ಕಾನೂನಿನ ದೃಷ್ಟಿಯಲ್ಲಿ ಇದು ಇನ್ನೊಂದು ಅಂತಸ್ತೇ ಆಗುತ್ತದೆ, ಹಳೆಯ ನಕ್ಷೆಯಲ್ಲಿ ಮೇಲಂತಸ್ತು ಇಲ್ಲದಿದ್ದರೆ ಹೊಸ ನಕ್ಷೆಗೆ ಮಂಜೂರಾತಿ ಪಡೆಯಬೇಕು. ಮೀಟರಿನ ವಿಷಯದಲ್ಲಿ, ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸ್ವಾಧೀನಾನುಭವ ಪತ್ರ (ಕಟ್ಟಡ ಮಂಜೂರಾದ ನಕ್ಷೆಯಂತೆ ಮುಗಿದಿದೆ, ವಾಸಿಸಬಹುದು ಎಂಬ ಪತ್ರ) ನೋಡಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ನಿರ್ದೇಶಿಸಿದ್ದರಿಂದ ವಿದ್ಯುತ್ ಕಂಪನಿಗಳು ಬಿಗಿಯಾದವು. ಅರ್ಜಿಯೊಂದಿಗೆ ಮಂಜೂರಾದ ನಕ್ಷೆ ಇಲ್ಲದಿದ್ದರೆ ಸೆಸ್ಕ್ ಕಚೇರಿಯಲ್ಲಿ ಎರಡನೆಯ ಮೀಟರಿನ ಮಾತೇ ಮುಂದೆ ಹೋಗಲಿಕ್ಕಿಲ್ಲ. ಅಲ್ಲಿಯವರೆಗೆ ಕೆಳಗಿನ ಮನೆಯ ಒಂದು ಕೋಣೆಗೆ ಹೊರಗಿನಿಂದ ಬಾಗಿಲು ತೆಗೆಸಿ, ಒಳಗೇ ಒಂದು ಅಡುಗೆ ಕಟ್ಟೆ ಮಾಡಿಕೊಳ್ಳುವುದು ಅಗ್ಗದ ದಾರಿ. ಅಪ್ಪನನ್ನು ಒಪ್ಪಿಸುವ ಕೆಲಸ ನಿಮ್ಮದು.